ಸೋರಿಯಾಸಿಸ್: ಹಚ್ಚಿದಾಗ ಹೋಗಿ, ಬಿಟ್ಟಾಗ ಬರುವುದೇಕೆ? ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಹಿಂಡಿ ಹಿಂಡಿ ಹೆಸರೇ ಅಳಿಸಿಹೋದ ಟ್ಯೂಬನ್ನು ಕೌಂಟರ್ ಮೇಲಿಟ್ಟು ‘ಇದೇ ಇನ್ನೊಂದು ಕೊಡಿ’ ಅನ್ನುವವರು ಚಿಕ್ಕಬಳ್ಳಾಪುರದ ಮೆಡಿಕಲ್ ಶಾಪ್‌ಗಳಿಗೆ ಹೊಸಬರಲ್ಲ. ಹಚ್ಚಿದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ ಅನ್ನುವುದು ಎಲ್ಲರ ದೂರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನಗೆ ಕಾಣುವುದು ಬೇರೆ. ಬಹಳ ಜನಕ್ಕೆ ಔಷಧಿ ಕೈಕೊಟ್ಟಿರುವುದಿಲ್ಲ. ಹಚ್ಚುವ ಕ್ರಮ ತಪ್ಪಿರುತ್ತದೆ. ಅದಕ್ಕಿಂತ ಜಾಸ್ತಿ, ನಿಲ್ಲಿಸುವ ಕ್ರಮ ತಪ್ಪಿರುತ್ತದೆ.

ಶುರುವಿನಲ್ಲೇ ಒಂದು ಮಾತು. ಸೋರಿಯಾಸಿಸ್ ಬೇರುಸಹಿತ ಹೋಗುವ ಕಾಯಿಲೆ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆ ಸುಮ್ನೆ ಕೆರಳಿ ಚರ್ಮವನ್ನು ಅವಸರ ಪಡಿಸುತ್ತದೆ. ಮಾಮೂಲಿ ಚರ್ಮದ ಕಣ ಕೆಳಗಿನಿಂದ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಇದರಲ್ಲಿ ಕೆಲವೇ ದಿನಗಳಲ್ಲಿ ಬಂದು, ಉದುರಲು ಪುರುಸೊತ್ತಿಲ್ಲದೆ ಒಂದರ ಮೇಲೊಂದು ಕೂರುತ್ತದೆ. ಅದೇ ಆ ಬೆಳ್ಳಗಿನ ಹೊಟ್ಟು. ಇದು ಅಂಟುವ ಕಾಯಿಲೆ ಅಲ್ಲ. ಒಂದೇ ತಟ್ಟೆ, ಒಂದೇ ಟವೆಲ್, ಒಂದೇ ಹಾಸಿಗೆ, ಯಾವುದರಿಂದಲೂ ಬರುವುದಿಲ್ಲ. ‘ಪೂರ್ತಿ ಗುಣ ಮಾಡಿಕೊಡ್ತೀವಿ’ ಎಂದು ಬೋರ್ಡ್ ಹಾಕಿದವರ ಬಾಗಿಲಿಗೆ ಹೋಗಬೇಡಿ. ವರ್ಷಗಟ್ಟಲೆ ಮಚ್ಚೆ ಏಳದಂತೆ ಹತೋಟಿಯಲ್ಲಿಟ್ಟುಕೊಳ್ಳುವುದು ಮಾತ್ರ ಬಹಳ ಜನಕ್ಕೆ ಸಾಧ್ಯ.

## ಮೊದಲು ಇವಿಷ್ಟು ಜೋಡಿಸಿಕೊಳ್ಳಿ

ದುಬಾರಿ ಸಾಮಾನು ಏನೂ ಬೇಡ. ಪೆಟ್ರೋಲಿಯಂ ಜೆಲ್ಲಿ ಅಥವಾ ವಾಸನೆ ಇಲ್ಲದ ಮಾಯಿಶ್ಚರೈಸರ್, ಮೆತ್ತನೆಯ ಹತ್ತಿ ಟವೆಲ್, ಉಗುರು ಕತ್ತರಿ, ಹಲ್ಲು ಅಗಲವಾದ ಬಾಚಣಿಗೆ, ಒಂದು ಕ್ಯಾಲೆಂಡರ್, ಫೋಟೋ ತೆಗೆಯಲು ಫೋನು. ಜೊತೆಗೆ ಇದುವರೆಗೆ ಹಚ್ಚಿದ ಟ್ಯೂಬ್‌ಗಳು, ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು. ಅವನ್ನು ಬಿಸಾಡಬೇಡಿ, ಡಾಕ್ಟರಿಗೆ ತೋರಿಸಬೇಕು.

## ಹಂತ 1: ಅದು ಸೋರಿಯಾಸಿಸ್ಸೇ ಹೌದಾ?

ಹುಳುಕಡ್ಡಿಗೆ ಸೋರಿಯಾಸಿಸ್ ಔಷಧಿ, ಸೋರಿಯಾಸಿಸ್‌ಗೆ ಹುಳುಕಡ್ಡಿ ಔಷಧಿ. ಅರ್ಧ ಜನ ಇಲ್ಲೇ ದಾರಿ ತಪ್ಪುತ್ತಾರೆ.

ಸೋರಿಯಾಸಿಸ್ ಮಚ್ಚೆಗೆ ಅಂಚು ಸ್ಪಷ್ಟ. ಇಡೀ ಮಚ್ಚೆ ಒಂದೇ ಸಮ ದಪ್ಪಗಿದ್ದು, ಮೇಲೆ ಒಣ ಬಿಳಿ ಪದರ ಇರುತ್ತದೆ. ಮೊಣಕೈ, ಮಂಡಿ, ಸೊಂಟದ ಹಿಂಭಾಗ, ತಲೆ ಇದರ ಇಷ್ಟದ ಜಾಗಗಳು. ಬಲಗಡೆ ಬಂದರೆ ಎಡಗಡೆಯೂ ಬರುವುದು ಸಾಮಾನ್ಯ. ಚಿತ್ರಗಳಲ್ಲಿ ತೋರಿಸುವಷ್ಟು ಕೆಂಪು ನಮ್ಮ ಮೈಬಣ್ಣದಲ್ಲಿ ಕಾಣುವುದಿಲ್ಲ. ಕಂದು, ನೇರಳೆ ಅಥವಾ ಬೂದು ಬಣ್ಣಕ್ಕಿರುತ್ತದೆ. ‘ಕೆಂಪಿಲ್ಲವಲ್ಲ, ಹಾಗಾದರೆ ಅದಲ್ಲ’ ಅಂದುಕೊಳ್ಳಬೇಡಿ.

ಹುಳುಕಡ್ಡಿಯಲ್ಲಿ ಅಂಚು ಉಬ್ಬಿ, ನಡುವೆ ತಿಳಿಯಾಗಿ, ಬಳೆಯ ಆಕಾರ ಬರುತ್ತದೆ. ತೊಡೆಸಂದು, ಸೊಂಟದ ದಾರದ ಜಾಗದಲ್ಲಿ ಜಾಸ್ತಿ. ಮನೆಯಲ್ಲಿ ಇನ್ನೊಬ್ಬರಿಗೂ ನವೆ ಇದ್ದರೆ ಅನುಮಾನ ಗಟ್ಟಿ ಮಾಡಿಕೊಳ್ಳಿ. ಇಸುಬು ಬೇರೆ. ಅದಕ್ಕೆ ಅಂಚು ಮಸುಕು, ಕೆಲವೊಮ್ಮೆ ನೀರು ಜಿನುಗುತ್ತದೆ. ಮಚ್ಚೆಯ ಮೇಲೆ ಮುಟ್ಟಿದ್ದು, ಬಿಸಿ, ತಣ್ಣಗೆ ಗೊತ್ತಾಗದಿದ್ದರೆ ಕುಷ್ಠದ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧಿ ಉಚಿತ, ಮತ್ತು ಅದು ಪೂರ್ತಿ ಗುಣವಾಗುವ ಕಾಯಿಲೆ.

ಇಷ್ಟು ನೋಡಿಕೊಂಡರೂ ತೀರ್ಮಾನ ನಿಮ್ಮದಲ್ಲ, ನನ್ನದೂ ಅಲ್ಲ. ಚರ್ಮದ ಡಾಕ್ಟರ್ ಒಮ್ಮೆ ನೋಡಲೇಬೇಕು. ಅನುಮಾನ ಇದ್ದರೆ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಇದೆಯಾ ನೋಡುತ್ತಾರೆ. ಅಪರೂಪಕ್ಕೆ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಚಿಂತಾಮಣಿ ಕಡೆಯವರಿಗೆ ಕೋಲಾರದ ಟಮಕದಲ್ಲಿರುವ ಜಾಲಪ್ಪ ಆಸ್ಪತ್ರೆಯೂ ಇದೆ. ಚರ್ಮದ ವಿಭಾಗ ಯಾವ ದಿನ, ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡೇ ಬಸ್ ಹತ್ತಿ. ಹೋಗುವ ಮುಂಚೆ ಒಂದೆರಡು ವಾರ ಕಂಡಕಂಡ ಟ್ಯೂಬ್ ಹಚ್ಚಿ ಮಚ್ಚೆಯ ರೂಪ ಕೆಡಿಸಿಕೊಳ್ಳಬೇಡಿ.

## ಹಂತ 2: ಎಷ್ಟಿದೆ ಅಂತ ಅಳೆಯಿರಿ

ಬೆರಳೂ ಸೇರಿ ನಿಮ್ಮ ಒಂದು ಅಂಗೈ ಎಂದರೆ ಸುಮಾರು ನಿಮ್ಮ ಮೈಯ 1 ಶೇಕಡ. ಮಚ್ಚೆಗಳೆಲ್ಲ ಸೇರಿ ಎಷ್ಟು ಅಂಗೈ ಆಗುತ್ತದೆ ಎಂದು ಲೆಕ್ಕ ಹಾಕಿ. 3ರ ಒಳಗಿದ್ದರೆ ಸಾಮಾನ್ಯವಾಗಿ ಮುಲಾಮಿನಲ್ಲೇ ಮುಗಿಯುತ್ತದೆ. 10 ದಾಟಿದರೆ ಬರೀ ಮುಲಾಮು ನಂಬಿ ಕೂರಬೇಡಿ. ಅಂಗೈ, ಅಂಗಾಲು, ಮುಖ, ಗುಪ್ತಾಂಗದಲ್ಲಿದ್ದರೆ ಚಿಕ್ಕದಾದರೂ ದೊಡ್ಡದೆಂದೇ ಲೆಕ್ಕ.

ಆಮೇಲೆ ಉಗುರು ನೋಡಿ. ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಗುಳಿಗಳು, ತುದಿಯಲ್ಲಿ ಉಗುರು ಎದ್ದಿರುವುದು, ಎಣ್ಣೆ ಬಿದ್ದಂಥ ಹಳದಿ ಕಲೆ ಇದ್ದರೆ ಬರೆದುಕೊಳ್ಳಿ. ಬೆಳಿಗ್ಗೆ ಎದ್ದಾಗ ಬೆರಳಿನ ಕೀಲು ಅರ್ಧ ಗಂಟೆಗಿಂತ ಜಾಸ್ತಿ ಬಿಗಿದಿರುತ್ತದಾ? ಒಂದಿಡೀ ಬೆರಳು ಊದಿದೆಯಾ? ಹಿಮ್ಮಡಿ ನೋವಿದೆಯಾ? ಇದು ಸೋರಿಯಾಸಿಸ್ ಕೀಲುವಾತ ಇರಬಹುದು. ರೇಷ್ಮೆ ನೂಲು ತೆಗೆಯುವವರು, ಹೂವು ಬಿಡಿಸುವವರು ‘ಕೆಲಸದ ನೋವು’ ಎಂದು ಇದನ್ನು ತಳ್ಳಿಹಾಕುತ್ತಾರೆ. ತಡ ಮಾಡಿದರೆ ಕೀಲು ಸವೆದು ಸೊಟ್ಟಗಾಗುತ್ತದೆ. ಹಾಗಾದ ಮೇಲೆ ಯಾವ ಔಷಧಿಯೂ ಅದನ್ನು ನೆಟ್ಟಗೆ ಮಾಡುವುದಿಲ್ಲ.

ಒಂದೇ ಜಾಗ, ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಡಿ. ವಾರಕ್ಕೊಂದು ಸಾಕು. ದಿನಾ ನೋಡುತ್ತಿದ್ದರೆ ವ್ಯತ್ಯಾಸ ಗೊತ್ತಾಗುವುದಿಲ್ಲ.

## ಹಂತ 3: ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕಾದದ್ದು

ಬಿಪಿ ಮಾತ್ರೆ, ಅದರಲ್ಲೂ ಬೀಟಾ ಬ್ಲಾಕರ್ ಗುಂಪಿನದು. ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ. ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್. ಇವು ಕೆಲವರಲ್ಲಿ ಸೋರಿಯಾಸಿಸ್ ಕೆಣಕುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ, ಹೇಳಿದರೆ ಸಾಕು. ಗಂಟಲು ನೋವು ಬಂದು ಎರಡು ಮೂರು ವಾರಕ್ಕೆ ಮೈತುಂಬ ಸಣ್ಣ ಸಣ್ಣ ಹನಿಯಂಥ ಮಚ್ಚೆ ಎದ್ದರೆ ಆ ಗಂಟಲು ನೋವಿನ ವಿಷಯ ತಪ್ಪದೆ ಹೇಳಿ. ಕುಡಿಯುವುದು, ಬೀಡಿ ಸೇದುವುದು, ಮಗುವಿನ ಯೋಚನೆ, ಹಿಂದೆ ಟಿಬಿ ಬಂದಿದ್ದು, ಇವನ್ನೂ ಹೇಳಿ. ಮನೆಯವರ ಮುಂದೆ ಸಂಕೋಚ ಆದರೆ ಅವರನ್ನು ಆಚೆ ಕೂರಿಸಿ.

ಪೊಟ್ಟಣದಲ್ಲಿ ಕಟ್ಟಿಕೊಟ್ಟ ಹೆಸರಿಲ್ಲದ ಪುಡಿ, ‘ಮೂರೇ ದಿನಕ್ಕೆ ಕಡಿಮೆ ಆಯ್ತು’ ಅನ್ನಿಸಿದ ಸೂಜಿ, ಇದ್ದರೆ ಮೊದಲು ಅದನ್ನು ಹೇಳಿ. ಅಷ್ಟು ಬೇಗ ಕಡಿಮೆ ಮಾಡುವುದು ಬಹಳ ಸಲ ಸ್ಟಿರಾಯ್ಡ್. ಮುಖ ಊದಿಕೊಂಡಿದ್ದರೆ, ಹಸಿವು ಜಾಸ್ತಿಯಾಗಿದ್ದರೆ, ಶುಗರ್ ಏರಿದ್ದರೆ ಆ ಅನುಮಾನ ಇನ್ನೂ ಗಟ್ಟಿ. ಅದನ್ನು ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ಸೋರಿಯಾಸಿಸ್ ಮೈತುಂಬ ಸ್ಫೋಟಿಸಿ ಕೀವುಗುಳ್ಳೆ ಬರಬಹುದು.

## ಹಂತ 4: ಮುಲಾಮಿಗೆ ಮುಂಚೆ ಚರ್ಮ ಹದ ಮಾಡಿ

ಎಲ್ಲರೂ ಹಾರಿಸುವ ಹಂತ ಇದು. ಒಣ ಹೊಟ್ಟಿನ ಮೇಲೆ ಔಷಧಿ ಹಚ್ಚುವುದು ಸುಣ್ಣ ಉದುರುತ್ತಿರುವ ಗೋಡೆಗೆ ಬಣ್ಣ ಬಳಿದ ಹಾಗೆ. ಔಷಧಿ ಹೊಟ್ಟಿನ ಜೊತೆ ಹಾಸಿಗೆ ಮೇಲೆ ಉದುರುತ್ತದೆ.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಹಂಡೆಯ ಸುಡು ನೀರು ಆ ಹೊತ್ತಿಗೆ ನವೆಗೆ ಹಿತ, ಆಮೇಲೆ ಚರ್ಮ ಇನ್ನೂ ಒಣಗುತ್ತದೆ. ನಮ್ಮ ಕಡೆಯ ಬೋರ್ ನೀರು ಗಡಸು, ಸೋಪಿನ ಜಿಡ್ಡು ಮೈ ಬಿಟ್ಟು ಹೋಗುವುದೇ ಇಲ್ಲ. ಹಾಗಾಗಿ ಮಚ್ಚೆಯ ಮೇಲೆ ಸೋಪು ಬೇಡ. ಬೆವರುವ ಜಾಗಕ್ಕಷ್ಟೇ ಹಾಕಿ. ಮಳೆ ನೀರು ಹಿಡಿದಿಟ್ಟಿದ್ದರೆ ಕೊನೆಯ ಎರಡು ಚೊಂಬು ಅದನ್ನೇ ಹುಯ್ದುಕೊಳ್ಳಿ. ಕಲ್ಲು, ನಾರು, ಬ್ರಷ್ಷು ಹಾಕಿ ಉಜ್ಜಬೇಡಿ. ಹೊಟ್ಟು ಕಿತ್ತರೆ ಕೆಳಗೆ ಸೂಜಿ ಮೊನೆಯಷ್ಟು ರಕ್ತದ ಚುಕ್ಕಿ ಏಳುತ್ತದೆ. ಗಾಯವಾದ ಜಾಗದಲ್ಲೇ ಹೊಸ ಮಚ್ಚೆ ಹುಟ್ಟುವುದು ಈ ಕಾಯಿಲೆಯ ಸ್ವಭಾವ. ಗುಲಾಬಿ ತೋಟದಲ್ಲಿ ಮುಳ್ಳು ಗೀರಿದ ಗೆರೆ ಒಂದೆರಡು ವಾರಕ್ಕೆ ಹಾಗೇ ಉದ್ದುದ್ದ ಮಚ್ಚೆಯಾಗಿ ಏಳಬಹುದು. ತೋಟಕ್ಕೆ ಹೋಗುವಾಗ ತುಂಬುತೋಳಿನ ಅಂಗಿ ಹಾಕಿ, ಉಗುರು ಗಿಡ್ಡ ಇಟ್ಟುಕೊಳ್ಳಿ.

ಮೈ ಒತ್ತಿ ಒರೆಸಿ. ಇನ್ನೂ ಪಸೆ ಇರುವಾಗಲೇ, ಅಂದರೆ ಬಚ್ಚಲಿನಿಂದ ಬಂದ ಕೂಡಲೇ, ಪೆಟ್ರೋಲಿಯಂ ಜೆಲ್ಲಿ ಅಥವಾ ಮಾಯಿಶ್ಚರೈಸರ್ ಹಚ್ಚಿ. ಕೊಬ್ಬರಿ ಎಣ್ಣೆಯೂ ಆಗುತ್ತದೆ. ಕೂದಲು ಬೆಳೆಯುವ ದಿಕ್ಕಿನಲ್ಲಿ ಸವರಿ, ತಿಕ್ಕಬೇಡಿ. ಹೊಟ್ಟು ದಪ್ಪಗಿದ್ದರೆ ಡಾಕ್ಟರ್ ಸ್ಯಾಲಿಸಿಲಿಕ್ ಆಸಿಡ್ ಇರುವ ಮುಲಾಮು ಬರೆಯುತ್ತಾರೆ. ಅದು ಪದರ ಸಡಿಲಿಸುತ್ತದೆ.

ಶಿಡ್ಲಘಟ್ಟದ ಫಿಲೇಚರ್‌ಗಳಲ್ಲಿ, ಅಂದರೆ ರೇಷ್ಮೆ ನೂಲು ತೆಗೆಯುವ ಘಟಕಗಳಲ್ಲಿ, ಕೆಲಸ ಮಾಡುವವರಿಗೆ ಇಲ್ಲೊಂದು ಎಚ್ಚರಿಕೆ. ಪೆಟ್ರೋಲಿಯಂ ಜೆಲ್ಲಿ, ಪ್ಯಾರಾಫಿನ್ ಹತ್ತಿದ ಬಟ್ಟೆಗೆ ಬೆಂಕಿ ಬೇಗ ಹೊತ್ತಿಕೊಳ್ಳುತ್ತದೆ. ಒಲೆ ಮುಂದೆ ಕೂರುವ ಮುಂಚೆ ಬಟ್ಟೆ ಬದಲಿಸಿ. ಬಿಸಿನೀರಿನಲ್ಲಿ ದಿನವೆಲ್ಲ ಕೈ ಅದ್ದುವವರು ಕೆಲಸ ಮುಗಿದ ತಕ್ಷಣ ತಿಳಿನೀರಿನಲ್ಲಿ ಕೈ ತೊಳೆದು, ಒರೆಸಿ, ದಪ್ಪಗೆ ಹಚ್ಚಿಕೊಳ್ಳಿ. ಮನೆಗೆ ಹೋದ ಮೇಲೆ ಅಂದುಕೊಂಡರೆ ಅಷ್ಟರಲ್ಲಿ ಬಿರುಕು ಬಿಟ್ಟಿರುತ್ತದೆ.

## ಹಂತ 5: ಸ್ಟಿರಾಯ್ಡ್ ಮುಲಾಮು ಹಚ್ಚುವುದು, ನಿಲ್ಲಿಸುವುದು

ಮಾಯಿಶ್ಚರೈಸರ್ ಹಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಔಷಧಿ, ಮಚ್ಚೆಯ ಮೇಲೆ ಮಾತ್ರ.

ಎಷ್ಟು: ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ಎರಡು ಮೊಣಕೈ, ಎರಡು ಮಂಡಿ, ಒಂದೊಂದೂ ಅಂಗೈಯಷ್ಟಿದ್ದರೆ ಒಂದು ಸಲಕ್ಕೆ 1 ಗ್ರಾಂ. ದಿನಕ್ಕೊಂದು ಸಲವಾದರೆ 30 ಗ್ರಾಂ ಟ್ಯೂಬು ಒಂದು ತಿಂಗಳು ಬರಬೇಕು. ವಾರಕ್ಕೇ ಮುಗಿದರೆ ಜಾಸ್ತಿ ಹಚ್ಚುತ್ತಿದ್ದೀರಿ. ಮೂರು ತಿಂಗಳು ಬಂದರೆ ಹಚ್ಚುತ್ತಲೇ ಇಲ್ಲ. ನಿಜ ಹೇಳಬೇಕೆಂದರೆ ಈ ಎರಡನೆಯವರೇ ಜಾಸ್ತಿ.

ಎಲ್ಲಿಗೆ ಯಾವುದು: ಕ್ಲೋಬೆಟಾಸಾಲ್ ಎಂಬ ಸ್ಟಿರಾಯ್ಡ್ ಬಹಳ ಖಾರದ ಔಷಧಿ. ಮೊಣಕೈ, ಮಂಡಿ, ಅಂಗಾಲಿನ ದಪ್ಪ ಚರ್ಮಕ್ಕೆ ಸರಿ. ಮುಖ, ಕಂಕುಳು, ತೊಡೆಸಂದಿಗೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ, ತೊಡೆಯಲ್ಲಿ ಶಾಶ್ವತ ಗೆರೆ ಬೀಳುತ್ತದೆ. ಆ ಜಾಗಗಳಿಗೆ ಡಾಕ್ಟರ್ ಸೌಮ್ಯವಾದದ್ದನ್ನೋ, ಟ್ಯಾಕ್ರೋಲಿಮಸ್‌ನಂಥದ್ದನ್ನೋ ಬೇರೆ ಬರೆಯುತ್ತಾರೆ. ಒಂದೇ ಟ್ಯೂಬನ್ನು ಮೈಗೆಲ್ಲ ಬಳಸಬೇಡಿ. ಟ್ಯೂಬಿನ ಮೇಲೆ ಪೆನ್ನಿನಲ್ಲಿ ‘ಮಂಡಿಗೆ’, ‘ಮುಖಕ್ಕೆ’ ಎಂದು ಬರೆದುಬಿಡಿ.

ಎಷ್ಟು ದಿನ: ಕ್ಲೋಬೆಟಾಸಾಲ್ ಒಂದೇ ಸಮನೆ ಎರಡು ವಾರಕ್ಕಿಂತ ಜಾಸ್ತಿ ಡಾಕ್ಟರ್ ಹೇಳದೆ ಬೇಡ. ಶುರು ಮಾಡಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ನಿಲ್ಲಿಸುವುದು ಹೇಗೆ: ಹೊಟ್ಟು ಹೋದ ಮರುದಿನವೇ ಬಿಟ್ಟರೆ ವಾಪಸ್ ಬರುತ್ತದೆ. ಸಾಮಾನ್ಯವಾಗಿ ದಿನಾ ಹಚ್ಚುವುದರಿಂದ ದಿನ ಬಿಟ್ಟು ದಿನಕ್ಕೆ, ಅಲ್ಲಿಂದ ವಾರಕ್ಕೆ ಎರಡು ಸಲಕ್ಕೆ ಇಳಿಸುತ್ತಾರೆ. ಬಿಡುವಿನ ದಿನಗಳಲ್ಲಿ ಮಾಯಿಶ್ಚರೈಸರ್ ಮಾತ್ರ, ಅಥವಾ ಕ್ಯಾಲ್ಸಿಪೋಟ್ರಿಯಾಲ್. ಇದು ವಿಟಮಿನ್ ಡಿ ಜಾತಿಯದು, ಸ್ಟಿರಾಯ್ಡ್ ಅಲ್ಲ. ಇದನ್ನು ಸ್ಯಾಲಿಸಿಲಿಕ್ ಆಸಿಡ್ ಜೊತೆ ಒಂದೇ ಹೊತ್ತಿಗೆ ಹಚ್ಚಬೇಡಿ, ಆಸಿಡ್ ಇದರ ಶಕ್ತಿ ಕೆಡಿಸುತ್ತದೆ. ಎಷ್ಟು ದಿನಕ್ಕೆ ಹೇಗೆ ಇಳಿಸಬೇಕು ಎಂದು ಚೀಟಿಯ ಮೇಲೆ ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಮರೆತಿರುತ್ತದೆ.

ಮಚ್ಚೆ ಹೋಗಿದೆಯಾ, ಕಲೆ ಉಳಿದಿದೆಯಾ: ಕಣ್ಣು ಮುಚ್ಚಿ ಆ ಜಾಗದ ಮೇಲೆ ಬೆರಳಾಡಿಸಿ. ಪಕ್ಕದ ಚರ್ಮಕ್ಕೂ ಅದಕ್ಕೂ ದಪ್ಪದಲ್ಲಿ ವ್ಯತ್ಯಾಸ ಇಲ್ಲ, ಹೊಟ್ಟು ಇಲ್ಲ ಎಂದರೆ ಕಾಯಿಲೆ ಇಳಿದಿದೆ. ಉಳಿದ ಕಪ್ಪು ಅಥವಾ ಬಿಳಿಚಿದ ಬಣ್ಣ ಬರೀ ಕಲೆ. ಅದು ತಿಂಗಳುಗಟ್ಟಲೆ ತೆಗೆದುಕೊಂಡು ತಾನಾಗಿ ಮಾಸುತ್ತದೆ. ಕಲೆ ಹೋಗಲಿ ಎಂದು ಸ್ಟಿರಾಯ್ಡ್ ಹಚ್ಚುತ್ತಾ ಹೋಗುವವರು ಬಹಳ. ಕಲೆ ಹೋಗುವುದಿಲ್ಲ, ಚರ್ಮ ಕಾಗದದಷ್ಟು ತೆಳುವಾಗುತ್ತದೆ.

ಇನ್ನು ಶಿಲೀಂಧ್ರಕ್ಕೆ, ಬ್ಯಾಕ್ಟೀರಿಯಾಕ್ಕೆ, ನವೆಗೆ ಎಲ್ಲ ಬೆರೆಸಿದ ನಾಲ್ಕೈದು ಔಷಧಿಯ ಕಲಬೆರಕೆ ಟ್ಯೂಬ್‌ಗಳು. ಅದರೊಳಗೂ ಇರುವುದು ಅದೇ ಖಾರದ ಸ್ಟಿರಾಯ್ಡ್. ಚೀಟಿ ಇಲ್ಲದೆ ಕೇಳಬೇಡಿ, ಕೊಟ್ಟರೂ ತಗೋಬೇಡಿ. ನನ್ನ ವ್ಯಾಪಾರಕ್ಕೆ ಇದು ಒಳ್ಳೆಯ ಮಾತಲ್ಲ, ಆದರೂ ಹೇಳಬೇಕಲ್ವಾ.

## ಹಂತ 6: ತಲೆಗೆ ಬೇರೆಯೇ ಕ್ರಮ

ಹೊಟ್ಟು ಕೂದಲಿನ ಗಡಿ ದಾಟಿ ಹಣೆಗೆ, ಕಿವಿಯ ಹಿಂದಕ್ಕೆ ಬಂದು ದಪ್ಪಗೆ ಕೂತಿದ್ದರೆ ಅದು ಮಾಮೂಲಿ ತಲೆಹೊಟ್ಟಲ್ಲ. ರಾತ್ರಿ ಕೊಬ್ಬರಿ ಎಣ್ಣೆಯನ್ನೋ, ಸ್ಯಾಲಿಸಿಲಿಕ್ ಆಸಿಡ್ ಇರುವ ಎಣ್ಣೆಯನ್ನೋ ಬುಡಕ್ಕೆ ಹಚ್ಚಿ ಬಟ್ಟೆ ಕಟ್ಟಿ ಮಲಗಿ. ಬೆಳಿಗ್ಗೆ ಅಗಲ ಹಲ್ಲಿನ ಬಾಚಣಿಗೆಯನ್ನು ಓರೆಯಾಗಿ ಹಿಡಿದು ಸಡಿಲವಾದ ಹೊಟ್ಟನ್ನಷ್ಟೇ ಎತ್ತಿ. ಆಮೇಲೆ ಕೋಲ್ ಟಾರ್ ಶಾಂಪೂ. ಹಾಕಿದ ಕೂಡಲೇ ತೊಳೆದರೆ ದುಡ್ಡು ದಂಡ. 5ರಿಂದ 10 ನಿಮಿಷ ಬಿಡಬೇಕು. ತಲೆ ಒಣಗಿದ ಮೇಲೆ ಬೈತಲೆ ತೆಗೆದು ತೆಗೆದು, ಡಾಕ್ಟರ್ ಬರೆದ ಲೋಷನ್ ಚರ್ಮಕ್ಕೆ ತಾಗುವಂತೆ ಹಾಕಿ. ಕೂದಲಿಗೆ ಹಾಕಿದ್ದು ಲೆಕ್ಕಕ್ಕಿಲ್ಲ.

ತಿರುಪತಿಯಲ್ಲಿ ಮುಡಿ ಕೊಡುವ ಹರಕೆ ಇದ್ದರೆ ಮಚ್ಚೆ ಕೆರಳಿರುವಾಗ ಬೇಡ, ಕತ್ತಿ ಗೀರಿದಲ್ಲೆಲ್ಲ ಹೊಸದು ಏಳಬಹುದು. ತಿಳಿಯಾದ ಮೇಲೆ ಹೋಗಿ. ಸೋರಿಯಾಸಿಸ್‌ನಿಂದ ಉದುರಿದ ಕೂದಲು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

## ಹಂತ 7: ಮುಲಾಮಿಗೆ ಬಗ್ಗದಿದ್ದರೆ

ಸರಿಯಾಗಿ ಹಚ್ಚಿಯೂ ಒಂದೆರಡು ತಿಂಗಳಲ್ಲಿ ಇಳಿಯದಿದ್ದರೆ, ಅಥವಾ ಶುರುವಿಗೇ 10 ಅಂಗೈ ದಾಟಿದ್ದರೆ ಮುಂದಿನ ದಾರಿಗೆ ಹೋಗಬೇಕು.

ಒಂದು, ಬೆಳಕಿನ ಚಿಕಿತ್ಸೆ. 311 ನ್ಯಾನೋಮೀಟರಿನ ಯುವಿಬಿ ಎಂಬ ಅತಿನೇರಳೆ ಬೆಳಕನ್ನು ವಾರಕ್ಕೆ ಎರಡು ಮೂರು ಸಲ ಕೊಡುತ್ತಾರೆ. ಸಾಮಾನ್ಯವಾಗಿ 20ರಿಂದ 30 ಸಲ ಬೇಕು. ಚೆನ್ನಾಗಿ ಕೆಲಸ ಮಾಡುತ್ತದೆ, ಗರ್ಭಿಣಿಯರಿಗೂ ಕೊಡುತ್ತಾರೆ. ತೊಂದರೆ ಇರುವುದು ಓಡಾಟದಲ್ಲಿ. ಬಾಗೇಪಲ್ಲಿಯಿಂದ ವಾರಕ್ಕೆ ಮೂರು ದಿನ ಕೂಲಿ ಬಿಟ್ಟು ಬರುವುದು ಆಗದ ಮಾತು ಎಂದರೆ ಮೊದಲೇ ಹೇಳಿಬಿಡಿ. ಅರ್ಧಕ್ಕೆ ಬಿಡುವುದಕ್ಕಿಂತ ಮಾತ್ರೆಯ ದಾರಿ ಹಿಡಿಯುವುದು ಮೇಲು. ಬದಲಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಮೈ ಸುಟ್ಟುಕೊಳ್ಳಬೇಡಿ, ಸುಟ್ಟ ಜಾಗವೂ ಗಾಯವೇ.

ಎರಡು, ಮೆಥೋಟ್ರೆಕ್ಸೇಟ್. ಅಗ್ಗದ ಮಾತ್ರೆ, ಕೀಲಿಗೂ ಆಗುತ್ತದೆ. ಈ ಬರಹದಲ್ಲಿ ಒಂದೇ ಸಾಲು ಓದುವುದಾದರೆ ಇದನ್ನು ಓದಿ: ಇದು ವಾರಕ್ಕೆ ಒಂದು ದಿನ ನುಂಗುವ ಮಾತ್ರೆ, ದಿನಾ ಅಲ್ಲ. ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ವಾರದಲ್ಲಿ ಯಾವ ದಿನ ಅಂತ ಗೊತ್ತು ಮಾಡಿ, ಉದಾಹರಣೆಗೆ ‘ಗುರುವಾರ’ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಿರಿ. ಓದಲು ಬಾರದ ಹಿರಿಯರಿದ್ದರೆ ಮನೆಯ ಒಬ್ಬರೇ ಅದನ್ನು ತೆಗೆದಿಟ್ಟುಕೊಂಡು ಕೊಡಲಿ. ಜೊತೆಗೆ ಬರೆಯುವ ಫೋಲಿಕ್ ಆಸಿಡ್ ಮಾತ್ರೆಯೂ ನೋಡಲು ಹಾಗೇ ಚಿಕ್ಕದು, ಅದಲು ಬದಲಾಗುವುದು ಸುಲಭ. ಎರಡನ್ನೂ ಒಂದೇ ಕವರಿನಲ್ಲಿ ಇಡಬೇಡಿ.

ಶುರುವಿಗೆ ಮುಂಚೆ ರಕ್ತ, ಲಿವರ್, ಕಿಡ್ನಿ ಪರೀಕ್ಷೆ ಆಗಬೇಕು, ಆಮೇಲೂ ಹೇಳಿದ ದಿನಕ್ಕೆ ಮಾಡಿಸುತ್ತಿರಬೇಕು. ಮೈ ಚೆನ್ನಾಗಿದೆ ಎಂದು ಪರೀಕ್ಷೆ ಬಿಟ್ಟವರಿಗೆ ಲಿವರ್ ಕೆಟ್ಟಿದ್ದು ಗೊತ್ತೇ ಆಗುವುದಿಲ್ಲ. ಹೆಂಡ ಪೂರ್ತಿ ಬಂದ್. ಗರ್ಭಿಣಿಯರಿಗೆ ಈ ಮಾತ್ರೆ ಕೂಡದು. ಮಗುವಿನ ಯೋಚನೆ ಇದ್ದರೆ ಗಂಡ ಹೆಂಡತಿ ಯಾರೇ ನುಂಗುತ್ತಿರಲಿ, ತಿಂಗಳುಗಳ ಮುಂಚೆಯೇ ಡಾಕ್ಟರನ್ನು ಕೇಳಿ. ಜ್ವರ, ಉರಿಮೂತ್ರಕ್ಕೆ ಬೇರೆ ಕಡೆ ಹೋದಾಗಲೂ ಇದನ್ನು ನುಂಗುತ್ತಿರುವುದನ್ನು ಹೇಳಲೇಬೇಕು. ಕೋಟ್ರೈಮಾಕ್ಸಜೋಲ್ ಎಂಬ ಸಲ್ಫಾ ಮಾತ್ರೆ ಇದರ ಜೊತೆ ಸೇರಿದರೆ ಅಪಾಯ. ಬಾಯಿ ಹುಣ್ಣು, ಜ್ವರ, ಒಣಕೆಮ್ಮು, ಉಬ್ಬಸ, ಮೈಮೇಲೆ ಸುಮ್ಮಸುಮ್ಮನೆ ರಕ್ತ ಹೆಪ್ಪುಗಟ್ಟಿದ ಕಲೆ ಕಂಡರೆ ಮುಂದಿನ ಮಾತ್ರೆ ನುಂಗದೆ ಆಸ್ಪತ್ರೆಗೆ ಹೋಗಿ.

ಇನ್ನು ಅಪ್ರೆಮಿಲಾಸ್ಟ್, ಸೈಕ್ಲೋಸ್ಪೋರಿನ್, ಅಸಿಟ್ರೆಟಿನ್ ಎಂಬ ನುಂಗುವ ಔಷಧಿಗಳಿವೆ. ಅಸಿಟ್ರೆಟಿನ್ ನಿಲ್ಲಿಸಿದ ಮೇಲೂ 3 ವರ್ಷ ಗರ್ಭ ನಿಲ್ಲಬಾರದು, ಹಾಗಾಗಿ ಮಗು ಬೇಕೆನ್ನುವ ಹೆಂಗಸರಿಗೆ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಕೊನೆಗೆ, ಕೆರಳಿದ ರಕ್ಷಣಾ ವ್ಯವಸ್ಥೆಯನ್ನು ತಣಿಸುವ ಬಯೋಲಾಜಿಕ್ ಸೂಜಿಗಳು. ಒಳ್ಳೆಯ ಫಲ, ದೊಡ್ಡ ಖರ್ಚು. ಶುರುವಿಗೆ ಮುಂಚೆ ಟಿಬಿ ಪರೀಕ್ಷೆ ತಪ್ಪಿಸುವಂತಿಲ್ಲ.

## ಹಂತ 8: ಇವು ಕಂಡರೆ ಅದೇ ದಿನ ಆಸ್ಪತ್ರೆ

ಮೈಯೆಲ್ಲ ಕೆಂಪಾಗಿ, ಬಿಸಿಯಾಗಿ, ಚಳಿ ನಡುಕ ಬಂದು, ಹೊಟ್ಟು ರಾಶಿ ರಾಶಿ ಉದುರಿದರೆ. ಜ್ವರದ ಜೊತೆ ಮಚ್ಚೆಯ ಮೇಲೆ ಸಣ್ಣ ಕೀವುಗುಳ್ಳೆ ಎದ್ದರೆ. ಕಾಲು ಊದಿ ಮೂತ್ರ ಕಡಿಮೆಯಾದರೆ. ಇದಕ್ಕೆ ಒಳರೋಗಿಯಾಗಿ ದಾಖಲಾಗಬೇಕು, ಮುಲಾಮು ಹಚ್ಚಿಕೊಂಡು ನಾಳೆವರೆಗೆ ಕಾಯುವ ಸ್ಥಿತಿಯಲ್ಲ. ಬದುಕೇ ಬೇಡ ಎನ್ನುವಷ್ಟು ಮನಸ್ಸು ಕುಗ್ಗಿದ್ದರೂ ಹೇಳಿಕೊಳ್ಳಿ. ಈ ಕಾಯಿಲೆಯಲ್ಲಿ ಅದು ಅಪರೂಪವಲ್ಲ, ಅದಕ್ಕೂ ಚಿಕಿತ್ಸೆ ಇದೆ. ಮನಸ್ಸಿನ ತೊಂದರೆಗೆ ಇರುವ ಸರ್ಕಾರಿ ಸಹಾಯವಾಣಿ ಟೆಲಿಮನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

## ಹಂತ 9: ನಂಜು, ಪಥ್ಯ, ದೋಷ

ಬದನೆಕಾಯಿ, ಮೀನು, ಮೊಟ್ಟೆ ನಂಜು ಅಂತ ಬಿಡಿಸುತ್ತಾರೆ. ಎಲ್ಲರೂ ಬಿಡಬೇಕಾದ ಅಂಥ ಪಟ್ಟಿ ಯಾವುದೂ ಇಲ್ಲ. ನಿಮಗೆ ಯಾವುದಾದರೂ ತಿಂದಾಗ ಪ್ರತಿ ಸಲ ಕೆರಳಿದರೆ ಅದೊಂದನ್ನು ಬಿಡಿ. ನಿಜವಾಗಿ ಫಲ ಕೊಡುವುದು ಹೆಂಡ, ಬೀಡಿ ಬಿಡುವುದು, ಮತ್ತು ತೂಕ ಜಾಸ್ತಿ ಇದ್ದರೆ ಇಳಿಸುವುದು. ಯಾರಿಗೂ ಇಷ್ಟವಾಗದ ಸಲಹೆ, ಅದಕ್ಕೇ ಬದನೆಕಾಯಿ ಮೇಲೆ ತಪ್ಪು ಹೊರಿಸುವುದು ಸುಲಭ.

ನಾಗದೋಷ ಎಂದು ವಿದುರಾಶ್ವತ್ಥಕ್ಕೆ ಹೋಗುವವರಿದ್ದಾರೆ. ಹೋಗಿ ಬನ್ನಿ, ಅರಳಿ ಕಟ್ಟೆಯ ಕೆಳಗೆ ಕೂತು ಮನಸ್ಸಿಗೆ ನೆಮ್ಮದಿಯಾದರೆ ಒಳ್ಳೆಯದೇ. ಆದರೆ ಮಾತ್ರೆ ನಿಲ್ಲಿಸಿ ಹೋಗಬೇಡಿ. ಮದುವೆ ಮಾತುಕತೆಯಲ್ಲಿ ಇದನ್ನು ಮುಚ್ಚಿಡುವುದೂ ಬೇಡ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ ನಿಜ, ಬಂದೇ ಬರುತ್ತದೆ ಎಂದೇನಿಲ್ಲ.

## ಹಂತ 10: ತಿಳಿಯಾದ ಮೇಲೆ

ಮಾಯಿಶ್ಚರೈಸರ್ ಬಿಡಬೇಡಿ. ನಂದಿ ಬೆಟ್ಟದ ಕಡೆ ಡಿಸೆಂಬರ್, ಜನವರಿಯ ಚಳಿಗೆ ಚರ್ಮ ಸೀಳುತ್ತದೆ, ಆ ಎರಡು ತಿಂಗಳು ದಿನಕ್ಕೆ ಎರಡು ಸಲ ಹಚ್ಚಿ. ಒಂದು ಮಚ್ಚೆ ಮತ್ತೆ ತಲೆ ಎತ್ತಿದರೆ ಹೊಸ ಔಷಧಿ ಹುಡುಕಬೇಡಿ. ನಾಲ್ಕನೇ ಹಂತಕ್ಕೆ ವಾಪಸ್ ಬಂದು, ಹಳೇ ಚೀಟಿ ಹಿಡಿದು ಡಾಕ್ಟರಿಗೆ ಫೋಟೋ ತೋರಿಸಿ. ಗಂಟಲು ನೋವು ಬಂದರೆ ಉಪ್ಪುನೀರಿಗೆ ಬಿಟ್ಟು ಸುಮ್ನೆ ಕೂರದೆ ತೋರಿಸಿಕೊಳ್ಳಿ.

ಸೋರಿಯಾಸಿಸ್ ಇರುವವರಿಗೆ ಶುಗರ್, ಬಿಪಿ, ಹೃದಯದ ತೊಂದರೆ ಬರುವ ಸಾಧ್ಯತೆಯೂ ಹೆಚ್ಚು. ವರ್ಷಕ್ಕೊಮ್ಮೆ ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಿ. ಮೆಥೋಟ್ರೆಕ್ಸೇಟ್ ನುಂಗುವವರು ಲಿವರ್ ಪರೀಕ್ಷೆಗೆ ಹೋಗುವ ದಿನವೇ ಇದನ್ನೂ ಸೇರಿಸಿ ರಕ್ತ ಕೊಟ್ಟರೆ ಎರಡು ಸಲ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.